ಬೋರ್‌ವೆಲ್ ನೀರಿನ ಖನಿಜದಿಂದ ಮೂಳೆ ಗಟ್ಟಿಯಾಗುತ್ತದೆಯೇ?

‘ರಾಗಿ ಮುದ್ದೆ ತಿಂದು, ಖನಿಜ ತುಂಬಿದ ಬೋರ್‌ವೆಲ್ ನೀರು ಕುಡಿದರೆ ಸಾಕು, ಮೂಳೆ ಸವೆತಕ್ಕೆ ಮಾತ್ರೆ ಬೇಡ’ ಎಂಬರ್ಥದ ಮಾತು ನಿಮ್ಮ ಫೋನಿಗೂ ಬಂದಿರಬಹುದು. ಮುಟ್ಟು ನಿಂತ ತಾಯಂದಿರಿಗೆ ಕಳಿಸುವ ಮುನ್ನ ಸ್ವಲ್ಪ ತಡೆಯಿರಿ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನಂಥ ಊರುಗಳಲ್ಲಂತೂ ಇದನ್ನು ನಂಬುವುದು ಅಪಾಯ.

ರಾಗಿಯ ಮಾತು ಅರ್ಧ ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ 10ರ ಆಸುಪಾಸು. ಮುದ್ದೆ ಬಿಡಬೇಡಿ. ಆದರೆ ನಮ್ಮ ಮೂಳೆ ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ. ಕರಗುವ ಕೆಲಸಕ್ಕೆ ಕಡಿವಾಣ ಹಾಕುವುದು ಈಸ್ಟ್ರೋಜನ್ ಹಾರ್ಮೋನು. ಮುಟ್ಟು ನಿಂತಾಗ ಅದು ಕುಸಿಯುತ್ತದೆ. ಗೋಡೆ ಕೆಡವುವವರನ್ನು ತಡೆಯದೆ ಇಟ್ಟಿಗೆ ತಂದು ಸುರಿದಂತೆ, ಬರೀ ಕ್ಯಾಲ್ಸಿಯಂ ಸಾಲದು.

ನೀರಿನ ಮಾತು ಪೂರ್ತಿ ತಿರುವುಮುರುವು. ಕೋಲಾರ ಜಿಲ್ಲೆಯ ಹಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಎನ್ನುತ್ತದೆ ಭಾರತೀಯ ಮಾನಕ. ಫ್ಲೋರೈಡ್ ಮೂಳೆಯೊಳಗೆ ಸೇರಿ ಅದನ್ನು ದಟ್ಟವಾಗಿಸುತ್ತದೆ ನಿಜ. ಒಂದು ಕಾಲಕ್ಕೆ ವೈದ್ಯರೂ ಇದನ್ನೇ ಔಷಧಿ ಎಂದುಕೊಂಡಿದ್ದರು! ಅಮೆರಿಕದ ಮೇಯೋ ಕ್ಲಿನಿಕ್‌ನವರು ಮೂಳೆ ಸವೆತವಿದ್ದ 202 ಮಹಿಳೆಯರ ಮೇಲೆ ನಾಲ್ಕು ವರ್ಷ ಪರೀಕ್ಷೆ ನಡೆಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಫ್ಲೋರೈಡ್ ನುಂಗಿದವರ ಬೆನ್ನುಮೂಳೆ ಶೇ 35ರಷ್ಟು ದಟ್ಟವಾಯಿತು. ಆದರೂ ಬೆನ್ನುಮೂಳೆ ಮುರಿತ ಗಮನಾರ್ಹವಾಗಿ ತಗ್ಗಲಿಲ್ಲ, ಉಳಿದ ಮೂಳೆಗಳ ಮುರಿತವಂತೂ ಹೆಚ್ಚಿತು. ಆ ಪ್ರಮಾಣ ಕುಡಿಯುವ ನೀರಿನಲ್ಲಿ ಸಿಗುವುದಕ್ಕಿಂತ ಬಹಳ ಹೆಚ್ಚಿತ್ತು. ಆದರೆ ದಟ್ಟ ಮೂಳೆಯೆಲ್ಲ ಗಟ್ಟಿ ಮೂಳೆಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇದೇ ಕಾರಣಕ್ಕೆ ಡೆಕ್ಸಾ ಸ್ಕ್ಯಾನ್ ಮಾಡಿಸುವಾಗ ಕುಡಿಯುವ ನೀರು ಯಾವುದೆಂದು ವೈದ್ಯರಿಗೆ ಹೇಳಿ. ಫ್ಲೋರೈಡ್ ತುಂಬಿದ ಮೂಳೆ ಸ್ಕ್ಯಾನಿನಲ್ಲಿ ‘ಚೆನ್ನಾಗಿದೆ’ ಎಂದು ಕಾಣಬಹುದು.

ಅಂದಹಾಗೆ, ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಸರಿಯಾಗಿ ನಡೆಯುತ್ತಿರುವ ಆರ್‌ಒ ಘಟಕದ ನೀರು ವಾಸಿ.

ಮಂಡಿ ನೋವಿಲ್ಲ, ಹಾಗಾಗಿ ನನಗೇನೂ ಇಲ್ಲ ಎನ್ನುವಂತಿಲ್ಲ. ಟೊಳ್ಳಾದ ಮೂಳೆ ಮುರಿಯುವ ತನಕ ನೋಯುವುದಿಲ್ಲ. ಬಚ್ಚಲಿನ ಪಾಚಿ ತಿಕ್ಕಿ, ರಾತ್ರಿ ಹೊರಗೆ ಹೋಗುವ ದಾರಿಗೊಂದು ಬಲ್ಬು ಹಾಕಿ. ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ದಿನಾ ನಡೆಯಿರಿ.

ವೈದ್ಯರು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದಿದ್ದರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಸಾದಾ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದಿರಿ. ಆ ಹೊತ್ತು ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಬೇಡ. ಖನಿಜ ಹೆಚ್ಚಿರುವ ಗಡಸು ನೀರೂ ಬೇಡ, ಕ್ಯಾಲ್ಸಿಯಂ ಅಂಟಿಕೊಂಡರೆ ಮಾತ್ರೆ ಮೈಗೆ ಸೇರುವುದಿಲ್ಲ.