ಮಿಂಚು ಬೆಸೆದ ನಂಟು

ಕೆಸುವಿನ ಎಲೆಯ ಮೇಲೆ ಬಿದ್ದ ಮಳೆಹನಿ ಮುತ್ತಿನಂತೆ ಉರುಳಿಹೋಗುವುದನ್ನು ಕಾಣದವರು ವಿರಳ. ಎಲೆ ನೀರನ್ನು ಹೊರುತ್ತದೆ, ಆದರೆ ತೋಯುವುದಿಲ್ಲ. ಬೆಳಗಾಗುತ್ತಲೇ ಮನೆಬಾಗಿಲಿಗೆ ಬರುವ ಹಾಲಿನ ಚೀಲವೂ ಸ್ವಭಾವದಲ್ಲಿ ಇದೇ ಜಾತಿಗೆ ಸೇರಿದುದು. ಅದರ ಪಾಲಿಥಿನ್ ಹಾಳೆಗೆ ನೀರು ಹತ್ತದು, ಗೋಂದು ಹಿಡಿಯದು, ಶಾಯಿ ನಿಲ್ಲದು. ಹಾಗಿದ್ದೂ ಅದರ ಮೇಲಿನ ಅಕ್ಷರಗಳು ತಂಪುಪೆಟ್ಟಿಗೆಯ ತೇವವನ್ನೂ ಗೃಹಿಣಿಯ ಕೈಯ ಉಜ್ಜುವಿಕೆಯನ್ನೂ ತಾಳಿಕೊಂಡು ಉಳಿದಿರುತ್ತವೆ. ಈ ವಿರೋಧಾಭಾಸದ ಹಿಂದೆ ಒಂದು ಪುಟ್ಟ ಮಿಂಚಿನ ಕಥೆಯುಂಟು.

ಪಾಲಿಥಿನ್ ಜನಿಸಿದುದು 1933ರ ಮಾರ್ಚ್ ತಿಂಗಳಲ್ಲಿ, ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ. ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ರಸಾಯನಜ್ಞರಾದ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಥಿಲೀನ್ ಅನಿಲವನ್ನು ಅತಿಯಾದ ಒತ್ತಡಕ್ಕೆ ಗುರಿಪಡಿಸಿದಾಗ, ಪಾತ್ರೆಯಲ್ಲಿ ಮೇಣದಂಥ ಬಿಳಿಯ ವಸ್ತುವೊಂದು ಉಳಿಯಿತು. ಯಾವುದರೊಡನೆಯೂ ಬೆರೆಯದಿರುವುದೇ ಅದರ ದೊಡ್ಡ ಗುಣವಾಯಿತು. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ತಂತಿಗಳಿಗೆ ಅದು ಉತ್ತಮ ಹೊದಿಕೆಯಾಗಿ ಒದಗಿತು. ಯುದ್ಧ ಮುಗಿದು ಅದೇ ವಸ್ತು ಅಂಗಡಿಯ ಚೀಲವಾಗಿ ಬಂದಾಗ ಮಾತ್ರ ಗುಣವೇ ದೋಷವಾಯಿತು. ಹೆಸರನ್ನೂ ಬೆಲೆಯನ್ನೂ ಮುದ್ರಿಸಿದರೆ ಬೆರಳು ತಾಗಿದೊಡನೆ ಶಾಯಿ ಉದುರುತ್ತಿತ್ತು.

ಕಾರಣ ಸರಳವಾದುದೇ. ಪಾಲಿಥಿನ್ನಿನ ಉದ್ದುದ್ದ ಅಣುಸರಪಳಿಗಳಲ್ಲಿ ಇರುವುದು ಇಂಗಾಲ ಮತ್ತು ಜಲಜನಕಗಳು ಮಾತ್ರ. ಅವು ತಮ್ಮತಮ್ಮಲ್ಲೇ ಕೈಹಿಡಿದು ತೃಪ್ತವಾಗಿವೆ. ಹೊರಗಿನಿಂದ ಬಂದ ಅತಿಥಿಯತ್ತ ಚಾಚಲು ಬಿಡುವಾದ ಕೈಯೇ ಇಲ್ಲ. ವಿಜ್ಞಾನಿಗಳು ಈ ಆದರವನ್ನು ಡೈನ್ ಎಂಬ ಮಾನದಿಂದ ಅಳೆಯುತ್ತಾರೆ. ಪಾಲಿಥಿನ್ನಿನ ಮೇಲ್ಮೈಯ ಶಕ್ತಿ ಸೆಂಟಿಮೀಟರಿಗೆ ಸುಮಾರು 31 ಡೈನ್; ನೀರಿನ ಮೇಲ್ಮೈ ಸೆಳೆತವೋ ಸುಮಾರು 72. ದ್ರವದ ಸೆಳೆತ ಘನವಸ್ತುವಿನ ಶಕ್ತಿಯನ್ನು ಮೀರಿದರೆ, ಆ ದ್ರವ ಹರಡದೆ ಹನಿಯಾಗಿಯೇ ನಿಲ್ಲುತ್ತದೆ. ಹರಡದ ಶಾಯಿ ಅಂಟುವುದಾದರೂ ಹೇಗೆ?

1951ರಲ್ಲಿ ಡೆನ್ಮಾರ್ಕಿನ ಎಂಜಿನಿಯರ್ ವೆರ್ನರ್ ಐಸ್ಬಿಯ ಮುಂದೆ ಈ ಪ್ರಶ್ನೆ ಬಂದಿತು. ಪ್ಲಾಸ್ಟಿಕ್ಕಿನ ಮೇಲೆ ಮುದ್ರಿಸುವ ಉಪಾಯ ಬೇಕೆಂದು ಗ್ರಾಹಕನೊಬ್ಬ ಅವರನ್ನು ಕೇಳಿದ್ದನು. ಹಾಳೆಯನ್ನು ಅನಿಲದ ಜ್ವಾಲೆಗೆ ತೋರುವ ಪದ್ಧತಿಯೂ, ಕಿಡಿ ಹಾಯಿಸುವ ಪದ್ಧತಿಯೂ ಆಗಲೇ ಇದ್ದವು. ಆದರೆ ಎರಡೂ ಹತೋಟಿಗೆ ಸಿಗದವು. ಉಚ್ಚ ಆವರ್ತನದ ವಿದ್ಯುತ್ತನ್ನು ಗಾಳಿಯಲ್ಲಿ ಹರಡಿ ಬಿಟ್ಟರೆ ಕೆಲಸ ಸಮವಾಗಿ ನಡೆಯುವುದೆಂದು ಐಸ್ಬಿ ಊಹಿಸಿದರು. ಪ್ರಯೋಗಗಳು ಆ ಊಹೆಯನ್ನು ಸ್ಥಿರಪಡಿಸಿದವು. ಈ ವಿಧಾನಕ್ಕೆ ಕೊರೋನಾ ಸಂಸ್ಕಾರವೆಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಕೊರೋನಾ ಎಂದರೆ ಕಿರೀಟ.

ಕಾರ್ಖಾನೆಯಲ್ಲಿ ಹಾಳೆಯು ಉರುಳೆಯೊಂದರ ಮೇಲೆ ವೇಗವಾಗಿ ಹರಿಯುತ್ತದೆ. ಅದರಿಂದ ಒಂದೆರಡು ಮಿಲಿಮೀಟರು ಅಂತರದಲ್ಲಿ ಲೋಹದ ಪಟ್ಟಿಯಿದೆ. ಪಟ್ಟಿಗೆ ಹಲವು ಸಾವಿರ ವೋಲ್ಟುಗಳ ವಿದ್ಯುತ್ತನ್ನು ಹಾಯಿಸಿದಾಗ ನಡುವಣ ಗಾಳಿ ನೀಲಿ ನೇರಿಳೆಯ ಕಾಂತಿಯಿಂದ ಬೆಳಗುತ್ತದೆ. ಅಲ್ಲಿ ಸಿಡಿದ ಎಲೆಕ್ಟ್ರಾನುಗಳು ಹಾಳೆಯ ಮೇಲ್ಪದರದ ಬಂಧಗಳನ್ನು ಕಡಿಯುತ್ತವೆ. ಬರಿದಾದ ಆ ಕೈಗಳನ್ನು ಗಾಳಿಯ ಆಮ್ಲಜನಕ ಬಂದು ಹಿಡಿಯುತ್ತದೆ. ಆಮ್ಲಜನಕ ಸೇರಿದ ಮೈಗೆ ಶಾಯಿಯ ಸ್ನೇಹ ಒಗ್ಗುತ್ತದೆ. ಬದಲಾವಣೆಯಾಗುವುದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು ತೆಳುವಾದ ಪದರ ಮಾತ್ರ. ಹಾಳೆಯ ಬಲಕ್ಕೂ ಪಾರದರ್ಶಕತೆಗೂ ಕುಂದಿಲ್ಲ. 31 ಇದ್ದ ಅಂಕಿ ಮಾತ್ರ 38ಕ್ಕೋ 42ಕ್ಕೋ ಏರಿರುತ್ತದೆ.

ಈ ಏರಿಕೆಯನ್ನು ಕಣ್ಣಿನಿಂದ ಕಾಣಲಾಗದು. ಆದುದರಿಂದ ಸೆಳೆತ ಗೊತ್ತಿರುವ ಪರೀಕ್ಷಾದ್ರವವನ್ನು ಹಾಳೆಗೆ ಬಳಿದು ನೋಡುತ್ತಾರೆ. ಅದು ಎರಡು ಸೆಕೆಂಡು ಒಡೆಯದೆ ನಿಂತರೆ ಹಾಳೆ ತೇರ್ಗಡೆಯಾಯಿತು. ಹನಿಹನಿಯಾಗಿ ಮುದುಡಿದರೆ ಆಗಲಿಲ್ಲ.

ಇಲ್ಲಿಯೂ ಅತಿ ಸಲ್ಲದು. ಮಿಂಚು ಹೆಚ್ಚಾದರೆ ಸರಪಳಿಗಳು ತುಂಡುತುಂಡಾಗಿ ಮೇಲ್ಮೈಯಲ್ಲಿ ಪುಡಿಯಂತೆ ನಿಲ್ಲುತ್ತವೆ. ಶಾಯಿ ಆ ಪುಡಿಗೆ ಅಂಟಿ, ಅದರೊಡನೆಯೇ ಕಳಚಿಬರುತ್ತದೆ. ಪಡೆದ ಗುಣವೂ ಶಾಶ್ವತವಲ್ಲ. ಹಾಳೆ ಜಾರಲೆಂದು ಬೆರೆಸಿದ ಮೇಣದಂಥ ದ್ರವ್ಯಗಳು ದಿನಕಳೆದಂತೆ ಮೇಲಕ್ಕೆ ಬಂದು ಸ್ನೇಹವನ್ನು ಮುಚ್ಚಿಬಿಡುತ್ತವೆ. ವಾರಗಟ್ಟಲೆ ಉಗ್ರಾಣದಲ್ಲಿದ್ದ ಸುರುಳಿಗೆ ಮುದ್ರಣದ ಮುನ್ನ ಮತ್ತೊಮ್ಮೆ ಮಿಂಚು ಬೇಕಾಗುವುದುಂಟು. ಈ ಕೆಲಸದಲ್ಲಿ ಹುಟ್ಟುವ ಓಜೋನ್ ಉಸಿರಿಗೆ ಕೆಡುಕಾದುದರಿಂದ, ಅದನ್ನು ಕೊಳವೆಯ ಮೂಲಕ ಎಳೆದು ಹೊರಹಾಕದಿದ್ದರೆ ಕೆಲಸಗಾರನ ಎದೆ ಕೆಡುತ್ತದೆ.

ಹಾಲಿನ ಚೀಲಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಸಂಸ್ಕಾರ ಹೊರಮೈಗೆ ಮಾತ್ರ ಸಲ್ಲಬೇಕು. ಒಳಮೈಗಳೆರಡನ್ನು ಕಾಯಿಸಿ ಬೆಸೆದೇ ಚೀಲದ ಬಾಯನ್ನು ಮುಚ್ಚುವುದು. ಮಿಂಚು ತಾಗಿದ ಮೈ ಆ ಬೆಸುಗೆಗೆ ಸರಿಯಾಗಿ ಒಗ್ಗದು. ಹಾಳೆ ಮತ್ತು ಉರುಳೆಯ ನಡುವೆ ಗಾಳಿ ಸಿಕ್ಕಿಕೊಂಡರೆ ಹಿಂಬದಿಯಲ್ಲಿಯೂ ಕಾಂತಿ ಹೊತ್ತಿಕೊಳ್ಳುತ್ತದೆ. ಎಲ್ಲಿಯೋ ನಡೆದ ಆ ಸಣ್ಣ ಅಲಕ್ಷ್ಯದ ಫಲ, ಮುಂಜಾನೆ ಯಾರದೋ ಅಡಿಗೆಮನೆಯಲ್ಲಿ ಸೋರಿದ ಹಾಲಾಗಿ ಕಾಣಿಸಿಕೊಳ್ಳಬಹುದು. ಮುದ್ರಣ ಕೆಟ್ಟರೆ ನಷ್ಟ ಇನ್ನೂ ದೊಡ್ಡದು. ದಿನಾಂಕ ಅಳಿಸಿಹೋದ ಚೀಲವನ್ನು ಹಿಡಿದ ತಾಯಿ, ಮಗುವಿಗೆ ಆ ಹಾಲನ್ನು ಯಾವ ಧೈರ್ಯದಿಂದ ಕೊಡಬೇಕು?

ಬೆಸೆದ ನಂಟಿಗೆ ಬೆಲೆಯೂ ಉಂಟು. ಬಳಸಿದ ಚೀಲಗಳನ್ನು ಕರಗಿಸಿ ಹೊಸ ಪ್ಲಾಸ್ಟಿಕ್ ಮಾಡಹೊರಟವರಿಗೆ, ಬಿಡಲೊಲ್ಲದ ಆ ಶಾಯಿಯೇ ತೊಡಕು. ಬಣ್ಣಬಣ್ಣದ ಚೀಲಗಳು ಕರಗಿದರೆ ಉಳಿಯುವುದು ಮಂಕಾದ ಮುದ್ದೆ. ಅಂಟಿಸುವ ವಿದ್ಯೆಯನ್ನು ಮನುಷ್ಯನು ಮಿಂಚಿನಿಂದ ಕಲಿತನು. ಬೇಕಾದಾಗ ಸುಲಭವಾಗಿ ಬಿಡಿಸುವ ವಿದ್ಯೆಯನ್ನು ಅವನಿನ್ನೂ ಕಲಿಯುತ್ತಲೇ ಇದ್ದಾನೆ.