ಸಾಹಿತ್ಯ: ಜಾನಪದ

ಜನಪದ ಗಾಯಕರೊಬ್ಬರ ಮೊದಲ ಆಲ್ಬಂ ಹೊರಬರುವುದಾದರೆ ಅದರಲ್ಲಿ ಕುಣಿಗಲ್ ಕೆರೆಯ ಹಾಡು ಇರಲೇಬೇಕೆಂಬುದು ನಮ್ಮಲ್ಲಿ ಒಂದು ಕಟ್ಟಳೆಯೇ ಆಗಿಬಿಟ್ಟಂತಿದೆ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲು ಬಂತು. ಕೆರೆ ಮಾತ್ರ ಕದಲಲಿಲ್ಲ. ಹಾಡು ಚೆಲುವಾದದ್ದು, ನೂರು ಜನ ಹಾಡಿದರೂ ಸವೆಯುವಂಥದಲ್ಲ. ನನ್ನ ತಕರಾರು ಹಾಡಿನ ಮೇಲಲ್ಲ. ಅದರ ಕೆಳಗೆ ಅಚ್ಚಾಗುವ ಎರಡು ಸಾಲುಗಳ ಮೇಲೆ. ಮೊದಲನೆಯದು, ‘ಸಾಹಿತ್ಯ: ಜಾನಪದ’. ಎರಡನೆಯದು, ‘ಸಂಗೀತ’ ಎಂದು ಬರೆದು ಅದರ ಮುಂದೆ ಸ್ಟುಡಿಯೋದಲ್ಲಿ ಕೀಬೋರ್ಡು ನುಡಿಸಿದ ಮಹನೀಯರ ಹೆಸರು.

ಜಾನಪದ ಎಂಬ ಹೆಸರಿನ ವ್ಯಕ್ತಿಯನ್ನು ತುಮಕೂರು ಜಿಲ್ಲೆಯಲ್ಲಿ ನಾನು ಎಲ್ಲಿಯೂ ಕಂಡಿಲ್ಲ. ಕಂಡಿರುವುದು ಹಾಡುವ ಹೆಂಗಸರನ್ನು. ಅವರಿಗೆ ಊರಿದೆ, ಹೆಸರಿದೆ, ಮತದಾರರ ಪಟ್ಟಿಯಲ್ಲಿ ನಂಬರೂ ಇದೆ. ಹಾಡನ್ನು ಮೊದಲು ಕಟ್ಟಿದವರು ಯಾರೆಂದು ತಿಳಿಯದೆ ಹೋಗಬಹುದು, ಒಪ್ಪಿದೆ. ಆದರೆ ಅದನ್ನು ಹಾಡಿ ಕಲಿಸಿದವರು ಗಾಳಿಯಲ್ಲಿ ಬಂದು ಹೋದವರೇನು? ಕಲಿಯಹೋದವರು ಹೆಸರು ಕೇಳಲಿಲ್ಲ, ಅಷ್ಟೆ. ಆ ಅಲಕ್ಷ್ಯಕ್ಕೆ ‘ಅನಾಮಿಕತೆಯೇ ಜನಪದದ ಹಿರಿಮೆ’ ಎಂಬ ಜರತಾರಿ ಶಾಲನ್ನು ಹೊದಿಸುವವರು ನಮ್ಮ ಭಾಷಣಕಾರರು.

ಇದೇ ಜಿಲ್ಲೆಯ ಗುಬ್ಬಿಯನ್ನು ನೋಡಿ. ಅಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ನಾಡೆಲ್ಲ ಸುತ್ತಿತು. ವೀರಣ್ಣನವರ ಹೆಸರಿನಲ್ಲಿ ತುಮಕೂರಿನಲ್ಲೊಂದು ಕಲಾಕ್ಷೇತ್ರವೇ ನಿಂತಿದೆ. ಬಿ. ಜಯಮ್ಮನವರು ಹಾಡಿದ್ದನ್ನು ‘ಗಾಯನ: ನಾಟಕ’ ಎಂದು ಯಾರೂ ಬರೆಯಲಿಲ್ಲ. ಟಿಕೆಟ್ಟು ಮಾರುವ ಕಲೆಗೆ ಹೆಸರು ಬೇಕಾಯಿತು. ಗದ್ದೆಯ ಬದುವಿನಲ್ಲಿ ಹಾಡುವುದಕ್ಕೆ ಟಿಕೆಟ್ಟಿಲ್ಲ. ಆದ್ದರಿಂದ ಹೆಸರೂ ಬೇಡವಾಯಿತೋ ಏನೋ!

ಈ ರೋಗ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ‘ಕಂಟ್ರಿ’ ಎಂದು ಕರೆಯುವ ಹಳ್ಳಿಗಾಡಿನ ಸಂಗೀತಕ್ಕೂ ಅಂಟಿದ್ದುಂಟು. 1927ರ ಜುಲೈ-ಆಗಸ್ಟಿನಲ್ಲಿ ಬ್ರಿಸ್ಟಲ್ ಎಂಬ ಸಣ್ಣ ಊರಿಗೆ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಬಂದು ಧ್ವನಿಮುದ್ರಣ ನಡೆಸಿದ. ಅಲ್ಲಿ ಹಾಡಿ ಹೆಸರಾದದ್ದು ಕಾರ್ಟರ್ ಕುಟುಂಬ. ಮುಂದೆ ಪ್ಲೇಟುಗಳಿಗೆ ಹಾಡು ಸಾಲದೆ, ಯಜಮಾನ ಎ. ಪಿ. ಕಾರ್ಟರ್ ಬೆಟ್ಟದೂರುಗಳಲ್ಲಿ ಅಲೆದು ಹಾಡು ಹೆಕ್ಕತೊಡಗಿದ. ಜೊತೆಯಲ್ಲಿ ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರುಗಾರ. ಕಾರ್ಟರ್ ಪದಗಳನ್ನು ಬರೆದುಕೊಳ್ಳುವನು. ಮಟ್ಟು ಉಳಿಯುತ್ತಿದ್ದದ್ದು ರಿಡಲ್ಲನ ನೆನಪಿನಲ್ಲಿ. ಪ್ಲೇಟಿನ ಮೇಲೆ ಬಂದ ಹೆಸರು, ಹಕ್ಕು ಎರಡೂ ಕಾರ್ಟರನವು. 1960ರ ದಶಕದಲ್ಲಿ ಮೈಕ್ ಸೀಗರ್ ಎಂಬ ಹಾಡುಗಾರ ಹುಡುಕಿಕೊಂಡು ಹೋಗಿ ರಿಡಲ್ಲನ ದನಿಯನ್ನು ಹಿಡಿದಿಟ್ಟ. ಅದು ಆಲ್ಬಮ್ಮಾಗಿ ಬಂದದ್ದು 1993ರಲ್ಲಿ, ರಿಡಲ್ ತೀರಿಹೋದ ಎಷ್ಟೋ ವರ್ಷಗಳ ಮೇಲೆ.

ನಮ್ಮ ಕಾಯಿದೆಯ ಮಾತೆತ್ತಿದರೂ ಕಥೆ ಅಷ್ಟೆ. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿಯಾಗಿ ಹಾಡಿದವರಿಗೂ ಹಕ್ಕು ಬಂತು. 2012ರ ತಿದ್ದುಪಡಿ ಹಾಡಿದವರ ಹೆಸರು ಹೇಳಬೇಕೆಂದಿತು. ಹಾಡು ಕಲಿಸಿದ ಅಜ್ಜಿಗೆ ಮಾತ್ರ ಅದರಲ್ಲೆಲ್ಲೂ ಜಾಗವಿಲ್ಲ.

ಹೆಸರು ಹೋಗಲಿ, ಹಾಡಾದರೂ ನೆಟ್ಟಗೆ ಬರುತ್ತದೆಯೆ? ಕೆರೆಯ ಹಾಡು ಗುಂಪಿನ ಹಾಡು. ಮುಂದಾಳು ಒಂದು ಸಾಲು ಹೇಳುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಇನ್ನೂ ಮುಗಿಯುತ್ತಿರುವಾಗಲೇ ಮುಂದಾಳು ಮುಂದಿನ ಸಾಲಿಗೆ ಕಾಲಿಟ್ಟಿರುತ್ತಾಳೆ; ಅವಳು ಉಸಿರೆಳೆದುಕೊಳ್ಳುವುದು ಉಳಿದವರ ದನಿಯ ನೆರಳಿನಲ್ಲಿ. ದಣಿವಾದರೆ ಹಾಡು ತುಸು ನಿಧಾನವಾಗುತ್ತದೆ, ಹುರುಪು ಬಂದರೆ ಏರುತ್ತದೆ. ಸ್ಟುಡಿಯೋದಲ್ಲಿ ಮೊದಲು ತಾಳದ ಯಂತ್ರವನ್ನು ಹೂಡುತ್ತಾರೆ. ಗಾಯಕ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಅದರ ಟಕ್ ಟಕ್‌ಗೆ ತಕ್ಕಂತೆ ಹಾಡುತ್ತಾನೆ. ಸೊಲ್ಲಿನ ಗುಂಪಿಗೆ ಬಸ್ ಚಾರ್ಜು ಯಾರು ಕೊಡಬೇಕು? ಗಾಯಕನ ದನಿಯನ್ನೇ ನಾಲ್ಕು ಸಲ ಒಂದರ ಮೇಲೊಂದು ಹೇರಿ ಗುಂಪು ಎನ್ನುತ್ತಾರೆ. ತನಗೆ ತಾನೇ ಸೊಲ್ಲು ಹಿಡಿಯುವ ಮನುಷ್ಯನನ್ನು ಕುಣಿಗಲ್ಲಿನ ಹೆಂಗಸರು ನೋಡಿದರೆ ಅವನಿಗೆ ದೃಷ್ಟಿ ನಿವಾಳಿಸಿಯಾರು.

‘ಜನ ಕೇಳುವುದೇ ಇದನ್ನು ಸ್ವಾಮಿ, ನಮ್ಮ ದುಡ್ಡು ವಾಪಸು ಬರಬೇಡವೆ?’ ಎನ್ನುತ್ತಾರೆ ಆಲ್ಬಂ ತರುವವರು. ಸಾಲ ಮಾಡಿ ಮೊದಲ ಆಲ್ಬಂ ತರುವ ಹುಡುಗನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕೇಳಿದ ಹತ್ತು ಹಾಡುಗಳನ್ನೇ ಹನ್ನೊಂದನೆಯವನಾಗಿ ಹಾಡಿದರೆ ದುಡ್ಡು ಬರುತ್ತದೆಂದು ಯಾರು ಹೇಳಿದರು? ಅವನ ಮನೆಯಲ್ಲೇ ತಾಯಿ ಹಾಡುವ ಸೋಬಾನೆ ಇರಬಹುದು. ಅಜ್ಜಿಗೆ ಬೀಸುವ ಪದ ನೆನಪಿರಬಹುದು. ಊರಿನಲ್ಲಿ ಮೂಡಲಪಾಯ ಕಲಿಸಿದ ಭಾಗವತರು ಇನ್ನೂ ಇರಬಹುದು. ಅವನ್ನೆಲ್ಲ ಬಿಟ್ಟು ರೇಡಿಯೋದಲ್ಲಿ ಕೇಳಿ ಕಲಿತದ್ದನ್ನು ತಂದು ‘ನಮ್ಮ ನೆಲದ ಹಾಡು’ ಎಂದು ಹೇಳಿಕೊಳ್ಳುವುದು ಪೇಟೆಯಲ್ಲಿ ಕೊಂಡ ಹಪ್ಪಳವನ್ನು ಮನೆಯಲ್ಲಿ ಒತ್ತಿದ್ದೆಂದು ಬಡಿಸಿದ ಹಾಗೆ. ರೇಡಿಯೋದಿಂದ ಕಲಿತರೆ ತಪ್ಪಿಲ್ಲ, ಹಾಗೆಂದೇ ಬರೆಯಲಿ.

ಬರೆಯಲು ಸ್ಥಳವಿಲ್ಲವೆಂಬ ನೆಪವನ್ನೂ ಕೇಳಿದ್ದೇನೆ. ಮೊಬೈಲಿನಲ್ಲಿ ಒಂದು ಚಿತ್ರ, ಒಂದು ಹೆಸರು. ಉಳಿದದ್ದನ್ನು ಒತ್ತಿ ನೋಡುವವರಾರು, ಎಂದು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದಾಗ ಗೌಹರ್ ಜಾನ್ ಹಾಡಿದಳು. ಪ್ಲೇಟು ಒತ್ತುವುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಲೆಂದು, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಮೈಸೂರು ಆಸ್ಥಾನದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದ ಆಕೆಯ ದನಿಯನ್ನು ಈಗಲೂ ಕೇಳಬಹುದು, ಹೆಸರಿನ ಸಮೇತ. ನಮ್ಮ ತರುಣರು ಹಾಗೆಯೇ ಮಾಡಲಿ. ಕೀಬೋರ್ಡು ಅಡಗಿದ ಮೇಲೆ, ಇಂಥ ಊರಿನ ಇಂಥಮ್ಮನಿಂದ ಕಲಿತೆ ಎಂದು ಬಾಯಲ್ಲೇ ಹೇಳಲಿ. ನಾಲ್ಕು ಸೆಕೆಂಡು ಹಿಡಿಯುತ್ತದೆ. ಅದಕ್ಕೆ ಸ್ಟುಡಿಯೋದವರು ಬೇರೆ ಬಾಡಿಗೆ ಕೇಳಲಾರರು.