ಹಳೆಯ ವಾಕಿ-ಟಾಕಿಗಳೂ ಅವುಗಳ ಬೀಗದ ಕೈಯೂ

ಉಗ್ರಾಣ, ಅಕ್ಕಿ ಗಿರಣಿ, ಎರಕದ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷದಷ್ಟು ಹಳೆಯ ವಾಕಿ-ಟಾಕಿಗಳು ಇಂದಿಗೂ ಬಳಕೆಯಲ್ಲಿರುವುದನ್ನು ಕಾಣಬಹುದು. ಮೊಬೈಲ್ ಬಂದ ಮೇಲೆ ಇವುಗಳ ಕಾಲ ಮುಗಿಯಿತೆಂದು ಭಾವಿಸಿರುವವರು ಕ್ರೇನ್ ಚಾಲಕನನ್ನೊಮ್ಮೆ ಕೇಳಿ ನೋಡಬೇಕು. ತೂಗುತ್ತಿರುವ ಎರಡು ಟನ್ ಭಾರದ ಕೆಳಗೆ ಯಾರಾದರೂ ಹಾದುಬಂದರೆ ನಂಬರ್ ಒತ್ತಿ, ರಿಂಗ್ ಆಗುವವರೆಗೆ ಕಾಯಲು ವ್ಯವಧಾನವಿರುವುದಿಲ್ಲ. ಗುಂಡಿ ಒತ್ತಿದೊಡನೆ ಮಾತು ಎಲ್ಲರಿಗೂ ಕೇಳಬೇಕು. ಮೋಟೊರೊಲಾ ಜಿಪಿ 300ರಂತಹ ಗಟ್ಟಿ ಸೆಟ್ಟುಗಳು ಈ ಕೆಲಸವನ್ನು ವರ್ಷಾನುಗಟ್ಟಲೆ ಮಾಡಿವೆ. ಬ್ಯಾಟರಿ ಬದಲಿಸಿದರೆ ಇನ್ನೂ ಮಾಡಬಲ್ಲವು.

ತೊಡಕಿರುವುದು ಬೇರೆಡೆ. ಯಾವ ಚಾನೆಲ್ಲಿಗೆ ಯಾವ ಫ್ರೀಕ್ವೆನ್ಸಿ, ಯಾವ ಟೋನ್, ಎಷ್ಟು ಶಕ್ತಿ ಎಂಬ ವಿವರಗಳೆಲ್ಲ ಸೆಟ್ಟಿನ ಒಳಗಿನ ಸ್ಮೃತಿಯಲ್ಲಿರುತ್ತವೆ. ಇದಕ್ಕೆ ತಂತ್ರಜ್ಞರು ಕೋಡ್‌ಪ್ಲಗ್ ಎನ್ನುತ್ತಾರೆ. ಅದನ್ನು ಬದಲಿಸಲು ಸೆಟ್ಟಿಗೆ ತಕ್ಕ ಕೇಬಲ್, ಕಂಪ್ಯೂಟರಿನ ಸೀರಿಯಲ್ ಪೋರ್ಟಿನ ವೋಲ್ಟೇಜನ್ನು ರೇಡಿಯೊಗೆ ಹೊಂದಿಸುವ ಒಂದು ಪುಟ್ಟ ಪೆಟ್ಟಿಗೆ ಹಾಗೂ ತಯಾರಕರ ತಂತ್ರಾಂಶ ಬೇಕು. ಹಳೆಯ ಸೆಟ್ಟುಗಳ ತಂತ್ರಾಂಶ ಡಾಸ್ ಕಾಲದ್ದು. ಅದು ಸಮಯವನ್ನು ಅಳೆಯುವುದು ಪ್ರೊಸೆಸರಿನ ವೇಗದಿಂದ. ಆದ್ದರಿಂದ 386, 486 ಕಾಲದ ನಿಧಾನದ ಯಂತ್ರದಲ್ಲಿ ಸರಿಯಾಗಿ ನಡೆದದ್ದು ಇಂದಿನ ವೇಗದ ಯಂತ್ರದಲ್ಲಿ ಎಡವುತ್ತದೆ. ಸೀರಿಯಲ್ ಪೋರ್ಟನ್ನು ಅದು ನೇರವಾಗಿ ಹುಡುಕುವುದರಿಂದ ಯುಎಸ್‌ಬಿ ಪರಿವರ್ತಕ ಸಿಕ್ಕಿಸಿ ಸಾಗಹಾಕಲೂ ಬರುವುದಿಲ್ಲ. ಬರೆಯುವಾಗ ನಡುವೆ ತಡೆಯುಂಟಾದರೆ ಚೆನ್ನಾಗಿದ್ದ ಸೆಟ್ಟೂ ಮೂಕವಾಗಬಹುದು. ಅನುಭವಿ ತಂತ್ರಜ್ಞ ಮೊದಲು ಸೆಟ್ಟಿನಲ್ಲಿರುವುದನ್ನು ಓದಿ, ಸೀರಿಯಲ್ ನಂಬರಿನ ಹೆಸರಿನಲ್ಲಿ ಉಳಿಸಿಕೊಂಡು, ಆನಂತರವೇ ಬದಲಾವಣೆಗೆ ಕೈಹಾಕುವುದು ಈ ಕಾರಣಕ್ಕೆ.

ಇನ್ನು ಲೆಕ್ಕಪುಸ್ತಕದ ಕಡೆ ನೋಡೋಣ. ₹12,000 ಬೆಲೆಯ ಒಂದು ಸೆಟ್ಟು ಯಂತ್ರೋಪಕರಣದ ಸಮೂಹದಲ್ಲಿ ಶೇ. 15ರ ಸವಕಳಿಗೆ ಒಳಪಟ್ಟರೆ ಹತ್ತು ವರ್ಷದ ನಂತರವೂ ಸುಮಾರು ₹2,360 ಉಳಿದಿರುತ್ತದೆ. ಅದನ್ನು ಪ್ರೋಗ್ರಾಮ್ ಮಾಡುವ ಕಂಪ್ಯೂಟರಿನ ಗತಿ ಹಾಗಲ್ಲ. ಕಂಪ್ಯೂಟರುಗಳಿಗೆ ಶೇ. 60ರ ದರವಿದ್ದ ಕಾಲದಲ್ಲಿ ₹40,000ದ ಯಂತ್ರ ನಾಲ್ಕೇ ವರ್ಷದಲ್ಲಿ ₹1,024ಕ್ಕೆ ಇಳಿಯುತ್ತಿತ್ತು. 2017-18ರಿಂದ ಆ ದರ ಶೇ. 40 ಆದರೂ ಇಳಿಜಾರು ಕಡಿದಾಗಿಯೇ ಉಳಿದಿದೆ. ಪುಸ್ತಕದಲ್ಲಿ ಬೆಲೆಯಿಲ್ಲದ್ದು ಗುಜರಿಗೆ ಹೋಗುವುದು ಸಹಜ. ಹೀಗೆ ಬೀಗವನ್ನು ಆಸ್ತಿಯೆಂದು ಇಟ್ಟುಕೊಂಡು ಬೀಗದ ಕೈಯನ್ನು ಕಿಲೋ ಲೆಕ್ಕದಲ್ಲಿ ಮಾರಿದ ಸಂಸ್ಥೆಗಳು ಕಡಿಮೆಯಿಲ್ಲ. ಲೆಕ್ಕ ತಪಾಸಣೆಯ ಸಮಯದಲ್ಲಿ ಇದನ್ನು ಯಾರೂ ಕೇಳುವುದಿಲ್ಲವೆಂಬುದೂ ನಿಜ.

ಹೆಚ್ಚಿನ ಕಡೆ ಆ ಕಂಪ್ಯೂಟರ್ ಮಾಲೀಕರಲ್ಲಿ ಇದ್ದದ್ದೇ ಇಲ್ಲ. ಅದಿದ್ದುದು ಡೀಲರನ ಅಂಗಡಿಯಲ್ಲಿ. ಅಂಗಡಿ ಮುಚ್ಚಿದಾಗ, ಇಲ್ಲವೆ ಅಲ್ಲಿನ ತಂತ್ರಜ್ಞ ನಿವೃತ್ತನಾದಾಗ, ಸೆಟ್ಟುಗಳ ವಿವರವೂ ಅವರೊಂದಿಗೆ ಹೋಗುತ್ತದೆ. ಪ್ರೋಗ್ರಾಮಿಂಗಿಗೆ ಹಣ ತೆತ್ತವರಿಗೆ ಆ ಫೈಲಿನ ಪ್ರತಿ ಏಕೆ ದೊರೆಯಬಾರದು? ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಈ ವಿಷಯದಲ್ಲಿ ವರ್ತಕರ ಸಂಕೋಚ ಅರ್ಥವಾಗುವಂಥದ್ದಲ್ಲ. ಹತ್ತು ರೂಪಾಯಿಯ ಬೋಲ್ಟಿಗೂ ಬಿಲ್ಲು ಕೇಳುವವರು ಇಲ್ಲಿ ಮಾತ್ರ ಮೌನವಾಗಿದ್ದಾರೆ.

ದಾರಿ ಕಾಣದ ಮಾಲೀಕರು ಸಾಮಾನ್ಯವಾಗಿ ಎರಡು ತಪ್ಪುಗಳತ್ತ ಜಾರುತ್ತಾರೆ. ಮೊದಲನೆಯದು, ಯಾರೋ ಪರಿಚಯದವರ ಕೈಯಲ್ಲಿ ‘ಖಾಲಿಯಿರುವ’ ಫ್ರೀಕ್ವೆನ್ಸಿ ಹಾಕಿಸಿಕೊಳ್ಳುವುದು. ವೈರ್‌ಲೆಸ್ ಸೆಟ್ಟನ್ನು ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕೆಂಬ ನಿಯಮ 1933ರ ಕಾಯ್ದೆಯಿಂದ ಬಂದದ್ದು. 2023ರ ದೂರಸಂಪರ್ಕ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ಗೊತ್ತುಪಡಿಸಿದ ಫ್ರೀಕ್ವೆನ್ಸಿಯನ್ನು ಬಿಟ್ಟು ಬೇರೊಂದನ್ನು ಬರೆಸಿದರೆ, ಶುಲ್ಕ ಕಟ್ಟಿದ ರಸೀದಿ ಕೈಯಲ್ಲಿದ್ದರೂ ಅದು ಉಲ್ಲಂಘನೆಯೇ. ಖಾಲಿ ಎಂದು ತೋರಿದ ಚಾನೆಲ್ ಇನ್ನೊಂದು ಇಲಾಖೆಯ ತುರ್ತು ಚಾನೆಲ್ ಆಗಿರಬಹುದು.

ಎರಡನೆಯದು ಇನ್ನೂ ವ್ಯಾಪಕವಾದುದು. 2018ರ ನಿಯಮಗಳಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಹಾಗಿದ್ದರೆ ಹಳೆಯ ಸೆಟ್ಟನ್ನೇ ಆ ಪಟ್ಟಿಗೆ ಹಾಕಿಸಿಬಿಟ್ಟರಾಯಿತಲ್ಲ ಎಂಬ ವಾದ ಕೇಳಿಬರುತ್ತದೆ. ಆಗುವುದಿಲ್ಲ. ವಿನಾಯಿತಿ ಇರುವುದು ಅಲ್ಪ ಶಕ್ತಿಯ, ಮಾದರಿ ಅನುಮೋದನೆ ಪಡೆದ ಉಪಕರಣಗಳಿಗೆ. ನಾಲ್ಕೈದು ವ್ಯಾಟಿನ ವೃತ್ತಿಪರ ಸೆಟ್ಟು ಫ್ರೀಕ್ವೆನ್ಸಿ ಬದಲಿಸಿದ ಮಾತ್ರಕ್ಕೆ ಆ ವರ್ಗಕ್ಕೆ ಸೇರದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಕೊಂಡ ಹೊಸ ಸೆಟ್ಟುಗಳ ಬಗೆಗೂ ನಿಶ್ಚಿಂತೆ ಸಲ್ಲದು. ಇಂತಹ ಕಾನೂನುಬಾಹಿರ ಮಾರಾಟದ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು.

ಹಾಗೆಂದು ಎಲ್ಲ ಹಳೆಯ ಸೆಟ್ಟುಗಳನ್ನೂ ಉಳಿಸಿಕೊಳ್ಳಬೇಕೆಂದಲ್ಲ. ಮೂರು ಸೆಟ್ಟುಗಳಷ್ಟೇ ಇರುವ, ಸಣ್ಣ ಆವರಣದ ಉಗ್ರಾಣಕ್ಕೆ ಅನುಮೋದಿತ ಅಲ್ಪಶಕ್ತಿ ಸೆಟ್ಟುಗಳೇ ಲಾಭಕರ. ವಾರ್ಷಿಕ ಶುಲ್ಕದ ರಗಳೆಯೂ ಇರುವುದಿಲ್ಲ. ಆದರೆ ಚಾಲ್ತಿಯಲ್ಲಿರುವ ಲೈಸೆನ್ಸ್, ಇಪ್ಪತ್ತು ಗಟ್ಟಿ ಸೆಟ್ಟುಗಳು, ವಿಸ್ತಾರವಾದ ಆವರಣ ಇರುವ ಕಾರ್ಖಾನೆ ಅವಸರದಿಂದ ಅವನ್ನು ಮಾರಬಾರದು. ಲೈಸೆನ್ಸ್ ಪತ್ರದಲ್ಲಿರುವ ಫ್ರೀಕ್ವೆನ್ಸಿಯೂ ಸೆಟ್ಟುಗಳಲ್ಲಿ ಬರೆದಿರುವುದೂ ಒಂದೇ ಎಂಬುದನ್ನು ಮೊದಲು ತಾಳೆ ನೋಡಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಹುಡುಕಿದರೆ ಸೀರಿಯಲ್ ಪೋರ್ಟ್ ಇರುವ ಹಳೆಯ ಕಂಪ್ಯೂಟರ್ ಇನ್ನೂ ಸಿಕ್ಕೀತು. ಅದನ್ನು ತಂದ ಮೇಲೆ ಆಸ್ತಿಪಟ್ಟಿಯಲ್ಲಿ ‘ಹಳೆಯ ಕಂಪ್ಯೂಟರ್’ ಎಂದು ಬರೆಯದೆ ‘ವಾಕಿ-ಟಾಕಿ ಪ್ರೋಗ್ರಾಮಿಂಗ್ ಉಪಕರಣ, ವಿಲೇವಾರಿ ಮಾಡತಕ್ಕದ್ದಲ್ಲ’ ಎಂದು ಬರೆಯಿಸುವುದು ಒಳ್ಳೆಯದು. ಮಾರ್ಚ್ ತಿಂಗಳ ಗುಜರಿ ಹರಾಜಿನಲ್ಲಿ ಅದನ್ನು ಕಾಪಾಡುವುದು ಆ ಒಂದು ಸಾಲೇ.